ಹರಿವಾಣದಿಂದ ಜಾರಿದ ಪಿಸ್ತೂಲು

ನಮ್ಮ ಮನೆಯಲ್ಲಿ ಅಕ್ಕಿ ಯಾವತ್ತೂ ಮುಗಿಯುವುದಿಲ್ಲ. ಡಬ್ಬದ ತಳ ಕಾಣಿಸುತ್ತಿದ್ದರೂ ‘ಅಕ್ಕಿ ತುಂಬಿದೆ’ ಎಂದೇ ಹೇಳಬೇಕು, ಹೇಳಿದವರು ಚೀಲ ಹಿಡಿದುಕೊಂಡು ಅಂಗಡಿಗೆ ಹೊರಡಬೇಕು. ಉಪ್ಪಿಗೂ ಇದೇ ನಿಯಮ, ಅರಸಿನಕ್ಕೂ ಇದೇ, ದೇವರ ದೀಪದ ಎಣ್ಣೆಗೂ ಇದೇ. ‘ಖಾಲಿ’, ‘ಮುಗಿಯಿತು’ ಎಂಬ ಮಾತು ಅತ್ತೆಯ ಕಿವಿಗೆ ಬಿದ್ದರೆ ಅಂದಿನ ದಿನ ಹಾಳಾಯಿತೆಂದೇ ಲೆಕ್ಕ. ದೀಪವನ್ನು ಕೂಡ ನಾವು ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ. ಮದುವೆಯಾಗಿ ಬಂದ ಮೊದಲ ವಾರ ‘ಅತ್ತೆ, ಉಪ್ಪು ಖಾಲಿ’ ಎಂದು ಅಡಿಗೆಮನೆಯಿಂದ ಕೂಗಿ, ಜಗಲಿಯಲ್ಲಿದ್ದ ನೆಂಟರ ಎದುರು ಚೆನ್ನಾಗಿ ಬೈಸಿಕೊಂಡಿದ್ದೆ. ಇಪ್ಪತ್ತೆರಡು ವರ್ಷಗಳಲ್ಲಿ ನಾನೂ ಪಳಗಿದೆ. ಯಾರಾದರೂ ‘ತುಂಬಿದೆ’ ಎಂದರೆ ಸಾಕು, ‘ಓಹೋ, ಏನೂ ಉಳಿದಿಲ್ಲ’ ಎಂದು ನನ್ನ ತಲೆ ತಾನಾಗಿ ಅರ್ಥ ಮಾಡಿಕೊಳ್ಳುತ್ತಿತ್ತು.

ಮನೆಯಲ್ಲಿ ನಾವು ಆಡುವುದು ತುಳು. ಅಲ್ಲಿ ಆ ಮಾತು ‘ದಿಂಜಿದ್ಂಡ್’. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅರ್ಥದಲ್ಲಿ ವ್ಯತ್ಯಾಸವೇನಿಲ್ಲ. ಈ ಪದ್ಧತಿಯನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣ, ನಮ್ಮ ಮನೆಯಲ್ಲಿ ಒಂದು ಪಿಸ್ತೂಲೂ ಇತ್ತು.

ನನ್ನ ಗಂಡನದು ಗುರುವಾಯನಕೆರೆಯಿಂದ ಮೂಡಬಿದಿರೆಗೆ ಹೋಗುವ ರಸ್ತೆಯಲ್ಲಿ ಒಂದು ಪೆಟ್ರೋಲ್ ಬಂಕು. ನಾನು ಅದೇ ರಸ್ತೆಯ ಬಸ್ಸು ಹಿಡಿದು ಹೋಗಿ ಬಂದು ಮಾಡುವ ಹೈಸ್ಕೂಲ್ ವಿಜ್ಞಾನದ ಟೀಚರು. ಎಲ್ಲಿಯೋ ಒಂದು ಬಂಕಿನವರ ಕಣ್ಣಿಗೆ ಮೆಣಸಿನ ಪುಡಿ ಎರಚಿ ಬ್ಯಾಗು ಕಿತ್ತುಕೊಂಡು ಹೋದರಂತೆ ಎಂಬ ಸುದ್ದಿ ಬಂದ ವರ್ಷ ಇವರು ಲೈಸೆನ್ಸಿಗೆ ಅರ್ಜಿ ಹಾಕಿದರು. ನಮ್ಮ ಕಡೆ ಹಂದಿ, ಮಂಗ ಓಡಿಸಲು ಕೋವಿ ಇಟ್ಟುಕೊಂಡವರು ಊರಿಗೆ ಹತ್ತು ಜನ ಸಿಗುತ್ತಾರೆ. ಕೋವಿಗೆ ಮರ್ಯಾದೆ ಇಲ್ಲ, ಅದು ಹಾರೆ ಪಿಕ್ಕಾಸಿನ ಜಾತಿ. ಪಿಸ್ತೂಲು ಹಾಗಲ್ಲ. ಅದು ಸೊಂಟಕ್ಕೆ ಬಂದ ಮೇಲೆ ನನ್ನ ಗಂಡ ಮದುವೆ ಮನೆಗಳಲ್ಲಿ ಕುಳಿತುಕೊಳ್ಳುವ ರೀತಿಯೇ ಬದಲಾಯಿತು. ಅಂಗಿಯ ಅಂಚು ಒಂದಿಷ್ಟು ಮೇಲೆ ಸರಿದಿರಬೇಕು, ಸರಿದದ್ದು ಗೊತ್ತಿಲ್ಲದ ಹಾಗೆ ಮುಖವಿರಬೇಕು. ಪಂಕ್ತಿಯಲ್ಲಿ ಬಡಿಸುವವರು ಇವರಿಗೆ ಎರಡು ಹೋಳಿಗೆ ಹೆಚ್ಚು ಹಾಕುತ್ತಿದ್ದರು ಎಂಬುದು ನನ್ನ ಅನುಮಾನ.

ನನಗೆ ಅದು ಮೊದಲ ದಿನದಿಂದಲೇ ಆಗದು. ‘ಮನೆಯೊಳಗೆ ಇದರ ಕೆಲಸ ಎಂತ?’ ಎಂದು ಕೇಳಿದರೆ ಇವರದು ಒಂದೇ ಉತ್ತರ: ‘ಲಾಕ್ ಉಂಟು ಮಾರಾಯ್ತಿ.’ ಪಕ್ಕದಲ್ಲಿ ಒಂದು ಚಿಕ್ಕ ಕೀಲಿ. ಅದನ್ನು ಮೇಲೆ ಮಾಡಿದರೆ ಟ್ರಿಗರ್ ಅಲುಗುವುದಿಲ್ಲ. ನನ್ನ ಬೆರಳನ್ನು ಹಿಡಿದು ಒತ್ತಿಸಿ ತೋರಿಸಿದ್ದರು. ನಿಜ, ಅಲುಗಲಿಲ್ಲ. ಆ ಚಿಕ್ಕ ಕೀಲಿಯ ಮೇಲೆ ನಮ್ಮ ಸಂಸಾರ ಆರು ವರ್ಷ ನೆಮ್ಮದಿಯಾಗಿ ಮಲಗಿ ಎದ್ದಿತು.

ನಾಲ್ಕು ವರ್ಷದ ಹಿಂದಿನ ಆಯುಧ ಪೂಜೆಯ ಬೆಳಿಗ್ಗೆ ಆದದ್ದು ಇದು. ಕಾರು, ಸ್ಕೂಟರು ತೊಳೆದಾಗಿತ್ತು. ದೇವರ ಕೋಣೆಯಲ್ಲಿ ಕತ್ತಿ, ತರಕಾರಿ ಹೆಚ್ಚುವ ಮೆಟ್ಟುಕತ್ತಿ, ಬಂಕಿನ ಸ್ಪ್ಯಾನರು, ನನ್ನ ಜಾಮಿಟ್ರಿ ಪೆಟ್ಟಿಗೆ ಎಲ್ಲವೂ ಸಾಲಾಗಿ ಕುಳಿತಿದ್ದವು. ಅತ್ತೆ ಹೊಸಿಲ ಪಕ್ಕದಲ್ಲಿ ಮಣೆ ಹಾಕಿಕೊಂಡು ಗಂಧ ತೇಯುತ್ತಿದ್ದರು. ಗಂಡ ಸ್ನಾನಕ್ಕೆ ಹೋಗಿದ್ದರು. ಮೈದುನ, ಎಂದರೆ ಇವರ ತಮ್ಮ, ಕಪಾಟಿನಿಂದ ಪಿಸ್ತೂಲು ತಂದು ಊಟದ ಮೇಜಿನ ಮೇಲಿಟ್ಟ. ಹದಿನೈದು ವರ್ಷ ದುಬೈಯಲ್ಲಿದ್ದು ಆಗಷ್ಟೇ ಊರಿಗೆ ಮರಳಿದ್ದವನು ಅವನು.

ನಾನು ಹೂವು ಬಿಡಿಸುತ್ತಾ, ‘ಅದು ಖಾಲಿ ಉಂಟಲ್ಲ?’ ಎಂದು ಕೇಳಿದೆ.

ಅತ್ತೆ ಗಂಧದ ಕೊರಡನ್ನು ಟಕ್ಕನೆ ನಿಲ್ಲಿಸಿದರು. ‘ಹಬ್ಬದ ದಿವಸ, ದೇವರ ಎದುರು, ಆ ಮಾತು ಬೇಕಾ?’

ನಾನು ನಾಲಿಗೆ ಕಚ್ಚಿಕೊಂಡೆ. ಮೈದುನ ತಾಯಿಯ ಮುಖ ನೋಡಿದ, ನನ್ನ ಮುಖ ನೋಡಿದ, ‘ತುಂಬಿದೆ ಅತ್ತಿಗೆ’ ಎಂದು ಹೇಳಿ ಮಾವಿನೆಲೆ ಕಟ್ಟಲು ಹೊರಗೆ ಹೋದ.

ಅವನು ಹೇಳಿದ್ದು ಇದ್ದದ್ದನ್ನೇ. ಸ್ನಾನದ ಕೋಣೆಯ ಬಾಗಿಲಿನಿಂದ ಅಣ್ಣ ಅವನಿಗೆ, ‘ತುಂಬಿ ಉಂಟು, ಹಾಗೇ ಮೇಜಿನಲ್ಲಿಡು, ನಾನು ಬಂದು ಗುಂಡು ತೆಗೀತೇನೆ’ ಎಂದು ಹೇಳಿದ್ದರಂತೆ. ಅದನ್ನು ಅವನು ಒಂದು ಮಾತಿಗೆ ಇಳಿಸಿ ನನಗೆ ದಾಟಿಸಿದ. ಹದಿನೈದು ವರ್ಷದಲ್ಲಿ ಅವನಿಗೆ ಮನೆಯ ಮಾತು ಮರೆತಿತ್ತು. ಅವನ ಮಟ್ಟಿಗೆ ತುಂಬಿದ್ದು ಎಂದರೆ ತುಂಬಿದ್ದೇ. ನಾನು ಕೇಳಿಸಿಕೊಂಡದ್ದು ಅತ್ತೆಯ ಅಡಿಗೆಮನೆಯ ‘ತುಂಬಿದೆ’ಯನ್ನು. ಅಮ್ಮನಿಗೆ ಹೆದರಿ ಒಳ್ಳೆಯ ಮಾತಿನಲ್ಲಿ ಹೇಳಿದ, ಖಾಲಿ ಇದೆ, ಎಂದುಕೊಂಡೆ. ಎಷ್ಟು ಜಾಣ ಹುಡುಗ ಎಂದೂ ಅಂದುಕೊಂಡೆ, ದೇವರೇ.

ಪಿಸ್ತೂಲನ್ನು ಹಿತ್ತಾಳೆಯ ಹರಿವಾಣದಲ್ಲಿಟ್ಟು ಸುತ್ತ ದಾಸವಾಳ ಜೋಡಿಸಿ, ಎರಡೂ ಕೈಯಲ್ಲಿ ಹರಿವಾಣದ ಅಂಚು ಹಿಡಿದು ದೇವರ ಕೋಣೆಗೆ ಹೊರಟೆ. ಆಗಷ್ಟೇ ತೊಳೆದ ಹರಿವಾಣ, ಒರೆಸಿರಲಿಲ್ಲ. ಹೊಸಿಲು ದಾಟುವಾಗ ಸೀರೆಯ ಅಂಚು ಕಾಲಿಗೆ ಸಿಕ್ಕಿ ಸ್ವಲ್ಪ ಮುಗ್ಗರಿಸಿದೆ. ಪಿಸ್ತೂಲು ಹೂವಿನ ಜೊತೆಗೇ ಜಾರಿ ಮೂತಿ ಕೆಳಗಾಗಿ ಕೆಂಪು ಸಿಮೆಂಟಿನ ನೆಲಕ್ಕೆ ಬಿತ್ತು.

ಕುಕ್ಕರ್ ಒಡೆಯಿತು ಎಂದುಕೊಂಡೆ. ಕಿವಿಯಲ್ಲಿ ಒಂದೇ ಸಮನೆ ಕೂಗು. ನೆಲದಲ್ಲಿ ಅಂಗೈ ಅಗಲದ ಸಿಮೆಂಟು ಎದ್ದುಹೋಗಿತ್ತು. ಅತ್ತೆ, ‘ಎಂತ ಬಿತ್ತು?’ ಎಂದು ಕೇಳಿ, ನನ್ನ ಕಣ್ಣು ಹೋದ ಕಡೆ ನೋಡಿ, ತಮ್ಮ ಬಲಗಾಲಿನ ಹಿಮ್ಮಡಿಯಿಂದ ರಕ್ತ ಹರಿದು ಗಂಧದ ಬಟ್ಟಲಿನ ಹತ್ತಿರ ಬರುತ್ತಿರುವುದನ್ನು ಕಂಡರು. ಮೊದಲು ಬಟ್ಟಲನ್ನು ಎತ್ತಿ ಪಕ್ಕಕ್ಕಿಟ್ಟರು. ಆಮೇಲೆ ಗೋಡೆಗೆ ಒರಗಿದರು.

ಕಾರಿನಲ್ಲಿ ಅತ್ತೆಯ ಕಾಲು ನನ್ನ ಮಡಿಲಲ್ಲಿತ್ತು. ನಾಲ್ಕು ಟವೆಲು ನೆನೆದಿದ್ದವು. ಬೆಳ್ತಂಗಡಿ ಹತ್ತಿರವಾಗುತ್ತಿದ್ದಂತೆ ಗಂಡ ಸ್ಟೇರಿಂಗಿನಿಂದ ಕಣ್ಣು ತೆಗೆಯದೆ, ‘ಕತ್ತಿ ಬಿತ್ತು ಅಂತ ಹೇಳುವ. ತೆಂಗಿನಕಾಯಿ ಕೀಳುವಾಗ ಕತ್ತಿ ಜಾರಿತು. ಗೊತ್ತಾಯ್ತಲ್ಲ?’ ಎಂದರು. ಮೈದುನ ಹಿಂದೆ ತಿರುಗಿ ನನ್ನನ್ನು ನೋಡಿದ. ನಾನು ಟವೆಲನ್ನು ಇನ್ನಷ್ಟು ಬಿಗಿದೆ. ಡಾಕ್ಟರು ಗಾಯದ ಬಟ್ಟೆ ಬಿಚ್ಚುತ್ತಾ, ‘ಎಂತ ತಾಗಿದ್ದು?’ ಎಂದು ಕೇಳಿದಾಗ ಗಂಡ, ‘ಕತ್ತಿ...’ ಎಂದು ಶುರುಮಾಡಿದರು.

‘ಪಿಸ್ತೂಲಿನ ಗುಂಡಿನ ಚೂರು’ ಎಂದೆ. ‘ನೆಲಕ್ಕೆ ಬಡಿದು ಎಗರಿದ್ದು. ಒಳಗೆ ಸೀಸ ಉಂಟು, ನೋಡಿ.’

ಗಂಡ ನನ್ನನ್ನು ನೋಡಿದ ನೋಟ ಈಗಲೂ ಮರೆತಿಲ್ಲ. ಆದರೆ ಸೀಸವಿರುವ ಕಾಲನ್ನು ಕತ್ತಿಯ ಗಾಯ ಎಂದು ಹೊಲಿಸಿಕೊಂಡು ಬರಲು ನಾನು ತಯಾರಿರಲಿಲ್ಲ. ಹುಣಸೆ ಬೀಜದ ಅರ್ಧದಷ್ಟು ಚೂರನ್ನು ಡಾಕ್ಟರು ಹೊರತೆಗೆದರು. ಮೂಳೆ ಬಿರುಕು ಬಿಟ್ಟಿತ್ತು. ಅತ್ತೆ ಮತ್ತೆ ನಡೆದರು, ಆದರೆ ಇಂದಿಗೂ ಹಿಮ್ಮಡಿ ಊರುವುದಿಲ್ಲ.

ಸಂಜೆ ಪೊಲೀಸರು ಬಂದರು. ಹೇಳಿಕೆ ಬರೆದುಕೊಳ್ಳುತ್ತಿದ್ದವರು ಘಟ್ಟದ ಮೇಲಿನವರು, ಮರ್ಯಾದಸ್ಥರು. ನಾನು ಹೇಳಿದ್ದನ್ನೆಲ್ಲ ಕೇಳಿ, ‘ಮೇಡಂ, ನೀವು ಹೇಳೂದು ಖರೇ ಇರಬಹುದು. ಆದ್ರ ಪಿಸ್ತೂಲು ತಾನ ಹೆಂಗ ಹಾರತೈತ್ರೀ?’ ಎಂದರು. ಕಾಗದದಲ್ಲಿ ‘ಕೈತಪ್ಪಿ ಟ್ರಿಗರ್ ಒತ್ತಲ್ಪಟ್ಟು’ ಎಂದು ಬರೆದಿತ್ತು. ನಾನು ಸಹಿ ಹಾಕಲಿಲ್ಲ. ‘ನನ್ನ ಎರಡು ಕೈಯೂ ಹರಿವಾಣದಲ್ಲಿ ಇದ್ದವು. ಮೂರನೇ ಕೈ ನನಗಿಲ್ಲ. ಅದನ್ನು ಹೊಡೆದುಹಾಕಿ, ಬಿದ್ದಾಗ ತಾನಾಗಿ ಹಾರಿತು ಎಂದು ಬರೆಯಿರಿ’ ಎಂದೆ. ಅವರು ನಿಟ್ಟುಸಿರು ಬಿಟ್ಟು, ಹೊಡೆದುಹಾಕಿ, ನಾನು ಹೇಳಿದ ಹಾಗೆ ಬರೆದುಕೊಂಡರು. ಆಮೇಲೆಯೇ ಸಹಿ.

ಇಲ್ಲಿಂದ ನನ್ನ ನಿಜವಾದ ಜಗಳ ಶುರುವಾಯಿತು, ಪೊಲೀಸರೊಡನೆ ಅಲ್ಲ, ನಮ್ಮವರೊಡನೆ. ನೆಂಟರು ಕಿತ್ತಳೆ ಹಣ್ಣು ಹಿಡಿದುಕೊಂಡು ಅತ್ತೆಯನ್ನು ನೋಡಲು ಬಂದವರು ನನ್ನನ್ನು ಬದಿಗೆ ಕರೆದು, ‘ಹೋಗಲಿ ಬಿಡು, ಹಿಡಿಯಲಿಕ್ಕೆ ಹೋದಾಗ ಬೆರಳು ತಾಗಿರಬೇಕು. ಯಾರಿಗೂ ಆಗ್ತದೆ’ ಎಂದು ಸಮಾಧಾನ ಹೇಳುವರು. ಗಂಡನದೂ ಅದೇ ಪಲ್ಲವಿ. ‘ಲಾಕ್ ಹಾಕಿದ್ದೆ. ಲಾಕ್ ಹಾಕಿದ್ದು ಹಾರುವುದಿಲ್ಲ. ನಿನ್ನ ಕೈ ತಾಗಿ ಲಾಕೂ ಕೆಳಗಾಗಿದೆ, ಟ್ರಿಗರೂ ಒತ್ತಿದೆ.’ ಒಂದು ಕೈ ಜಾರುವಾಗ ಎರಡು ಕೆಲಸ! ಶಾಲೆಯಲ್ಲಿ ಇಂಥ ಉತ್ತರ ಬರೆದವರಿಗೆ ನಾನು ಸೊನ್ನೆ ಹಾಕುತ್ತೇನೆ.

ನನ್ನದು ತಪ್ಪೇ ಇಲ್ಲ ಎಂದು ನಾನೆಂದೂ ಹೇಳಿಲ್ಲ. ಕೇಳಿದ ಮಾತನ್ನು ನಂಬಿ, ತೆರೆದು ನೋಡದೆ ಅದನ್ನು ಎತ್ತಿಕೊಂಡೆನಲ್ಲ, ಅದು ನನ್ನ ತಪ್ಪು. ಒದ್ದೆ ಹರಿವಾಣದಲ್ಲಿಟ್ಟೆ, ಅದೂ ನನ್ನದೇ. ಎಷ್ಟೋ ರಾತ್ರಿ ಅದನ್ನು ನೆನೆದು ಅತ್ತಿದ್ದೇನೆ. ಆದರೆ ನನ್ನ ಪಾಲು ಎಷ್ಟೋ ಅಷ್ಟನ್ನೇ ಹೊರುತ್ತೇನೆ, ಇನ್ನೊಬ್ಬರ ಹೊರೆಯನ್ನೂ ನನ್ನ ತಲೆಗೆ ಏರಿಸಿದರೆ ಕೆಳಗೆ ಹಾಕುತ್ತೇನೆ. ನನ್ನ ಕೈಯಿಂದ ಹಾರಿದ್ದು ಎಂದು ಒಪ್ಪಿಕೊಂಡರೆ ಪಿಸ್ತೂಲು ಒಳ್ಳೆಯದಾಗುತ್ತದೆ. ಪಿಸ್ತೂಲು ಒಳ್ಳೆಯದಾದರೆ ಅದು ಮನೆಗೆ ಮರಳುತ್ತದೆ. ನನಗೆ ಬೇಕಾಗಿದ್ದದ್ದು ಒಂದೇ, ಅದು ನಮ್ಮ ಹೊಸಿಲನ್ನು ಮತ್ತೆ ದಾಟಬಾರದು.

ಅತ್ತೆ ಮಾತ್ರ ನನ್ನನ್ನು ಏನೂ ಅನ್ನಲಿಲ್ಲ. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ, ನಾನು ಗಂಜಿ ತಿನ್ನಿಸುತ್ತಿದ್ದಾಗ, ‘ಆ ಮಾತು ಬೇಡ ಅಂತ ನಾನು ಹೇಳದಿದ್ದರೆ ಇದು ಆಗ್ತಿರಲಿಲ್ಲ, ಅಲ್ವಾ ಮಗಾ?’ ಎಂದರು. ‘ಅಕ್ಕಿಗೆ ಸರಿ ಅತ್ತೆ, ಪಿಸ್ತೂಲಿಗೆ ಸರಿಯಲ್ಲ’ ಎಂದೆ. ಅವರು ಇನ್ನೊಂದು ಚಮಚ ಗಂಜಿ ನುಂಗಿ, ‘ಗ್ಯಾಸಿಗೂ ಸರಿಯಲ್ಲ’ ಎಂದರು. ಅಂದಿನಿಂದ ಮನೆಯಲ್ಲಿ ಹೊಸ ಕಾನೂನು ಬಂತು. ಡಬ್ಬಗಳಲ್ಲಿ ಇರುವುದೆಲ್ಲ ಹಳೆಯ ಮಾತಿನಲ್ಲಿ, ಅಪಾಯವಾಗುವುದೆಲ್ಲ ಇದ್ದದ್ದು ಇದ್ದ ಹಾಗೆ.

ಒಂದು ದಿನ ಹತ್ತನೆಯ ತರಗತಿಯ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಕೈಯಲ್ಲಿದ್ದ ಒತ್ತುವ ಪೆನ್ನು ಕೆಳಗೆ ಬಿತ್ತು. ಮೂತಿ ಕೆಳಗಾಗಿ ಬಿದ್ದಾಗ ಒಳಗಿದ್ದ ರೀಫಿಲ್ಲಿನ ತುದಿ ಒಂದು ಕ್ಷಣ ಹೊರಗೆ ಇಣುಕಿ, ನೆಲದಲ್ಲಿ ನೀಲಿ ಚುಕ್ಕಿ ಇಟ್ಟಿತ್ತು. ಹಳೆಯ ಪೆನ್ನು, ಸ್ಪ್ರಿಂಗು ಸೋತಿತ್ತು. ಇಪ್ಪತ್ತು ವರ್ಷದಿಂದ ಜಡತ್ವದ ಪಾಠ ಮಾಡುತ್ತಿದ್ದೇನೆ. ಬಸ್ಸು ಬ್ರೇಕ್ ಹಾಕಿದಾಗ ಬಸ್ಸು ನಿಲ್ಲುತ್ತದೆ, ಒಳಗಿದ್ದವರು ಮುಂದಕ್ಕೆ ಮುಗ್ಗರಿಸುತ್ತಾರೆ. ಪಿಸ್ತೂಲು ನೆಲಕ್ಕೆ ಬಡಿದು ನಿಂತಿತು, ಒಳಗಿದ್ದದ್ದು ಯಾವುದೋ ನಿಲ್ಲಲಿಲ್ಲ. ಗುಂಡನ್ನು ಹಿಂದಿನಿಂದ ಕುಟ್ಟುವ ಸೂಜಿಯಂಥ ಪಿನ್ನೊಂದು ಒಳಗಿರಲೇಬೇಕು. ಅದು ಮುಂದಕ್ಕೆ ಹೋಗಿ ಕುಟ್ಟಿದೆ. ಟ್ರಿಗರಿಗೂ ಅದಕ್ಕೂ ಸಂಬಂಧವೇ ಇಲ್ಲ.

ಗಂಡನನ್ನು ಕರೆದು ಊಟದ ಮೇಜಿನ ಬಳಿ ಪೆನ್ನನ್ನು ಏಳೆಂಟು ಸಲ ಬೀಳಿಸಿ ತೋರಿಸಿದೆ. ಅವರು ನೆಲದ ಚುಕ್ಕಿಗಳನ್ನು ನೋಡಿದರು. ಮುಖ ಒಂದು ಗಳಿಗೆ ಬಿಳಿಚಿದಂತೆ ನನಗೆ ಕಂಡಿತು, ಆಗ ಅದರ ಅರ್ಥ ತಿಳಿಯಲಿಲ್ಲ. ‘ಪೆನ್ನು ಬೇರೆ, ಪಿಸ್ತೂಲು ಬೇರೆ. ನಿನ್ನ ಟೀಚರ್ತನ ಶಾಲೆಯಲ್ಲಿ ಸಾಕು’ ಎಂದು ಹೇಳಿ ಬಂಕಿಗೆ ಹೊರಟುಹೋದರು.

ಎರಡು ವರ್ಷ ಹಾಗೆಯೇ ಹೋಯಿತು. ಪ್ರಕರಣ ಮುಗಿಯಿತು. ಪಿಸ್ತೂಲನ್ನು ಪರೀಕ್ಷಿಸಿದವರ ವರದಿಯಲ್ಲಿ ‘ಆಯುಧವು ಕೆಲಸ ಮಾಡುವ ಸ್ಥಿತಿಯಲ್ಲಿದೆ’ ಎಂದಿತ್ತು. ಗಂಡ ಅದನ್ನು ದೊಡ್ಡದಾಗಿ ಓದಿ ಹೇಳಿದರು. ಅದು ಕೆಲಸ ಮಾಡುತ್ತದೆ ಎಂಬುದೇ ನನ್ನ ದೂರಲ್ಲವೇ? ಯಾರೂ ಹೇಳದೆಯೇ ಮಾಡುತ್ತದೆ. ಆಮೇಲೆ ಅದನ್ನು ಬಂಟ್ವಾಳ ಪೇಟೆಯ ಒಂದು ಹಳೆಯ ಕೋವಿ ಅಂಗಡಿಯಲ್ಲಿ ಠೇವಣಿ ಇಟ್ಟರು. ಅಷ್ಟರಲ್ಲಿ ಜಿಲ್ಲಾಧಿಕಾರಿ ಕಚೇರಿಯಿಂದ ಒಂದು ನೋಟಿಸು ಬಂತು. ನಿಮ್ಮ ಲೈಸೆನ್ಸನ್ನು ಏಕೆ ರದ್ದು ಮಾಡಬಾರದು, ಕಾರಣ ತಿಳಿಸಿ ಎಂದು.

ಇವರು ವಕೀಲರಿಂದ ಉತ್ತರ ಬರೆಸಿಕೊಂಡು ಬಂದರು. ಅದರಲ್ಲಿ ‘ನನ್ನ ಪತ್ನಿಯು ಅಜಾಗರೂಕತೆಯಿಂದ ಟ್ರಿಗರನ್ನು ಸ್ಪರ್ಶಿಸಿದ ಪರಿಣಾಮ’ ಎಂಬ ಸಾಲಿತ್ತು. ಕೆಳಗೆ ನನ್ನದೂ ಒಂದು ಸಹಿ ಬೇಕಿತ್ತು.

‘ಒಂದು ಸಹಿ ಮಾರಾಯ್ತಿ. ನಿನಗೇನೂ ಆಗುವುದಿಲ್ಲ. ಕೇಸೆಲ್ಲ ಮುಗಿದಿದೆ.’

‘ನನಗೆ ಆಗುವುದು ಬಿಡಿ. ಅದು ಮನೆಗೆ ಬರ್ತದಲ್ಲ?’

‘ಬರ್ತದೆ. ಬರದೆ ಮತ್ತೆ? ಊರವರ ಎದುರು ನಾನು ಎಂತ ಮುಖ ಇಟ್ಟುಕೊಂಡು ತಿರುಗುವುದು?’

ಆ ದಿನ ನಾನು ಕೂಗಲಿಲ್ಲ. ಕೂಗಿದರೆ ಸಿಟ್ಟಿನಲ್ಲಿ ಹೇಳಿದ್ದು ಎಂದು ತಳ್ಳಿಹಾಕುತ್ತಾರೆ. ‘ಅಂಗಡಿಗೆ ಹೋಗುವ. ನನ್ನ ಎದುರು ಹತ್ತು ಸಲ ಬೀಳಿಸಿ ನೋಡುವ. ಹತ್ತರಲ್ಲಿ ಒಂದು ಸಲವೂ ಆಗದಿದ್ದರೆ ಸಹಿ ಹಾಕ್ತೇನೆ, ಊರಿಡೀ ನನ್ನದೇ ತಪ್ಪು ಅಂತ ಹೇಳ್ತೇನೆ’ ಎಂದೆ. ಅವರು ಬೇಡ ಎಂದು ನೋಡಿದರು. ಬಂಕಿನಲ್ಲಿ ಕೆಲಸವಿದೆ ಎಂದರು, ಕಾರು ಸರ್ವಿಸಿಗೆ ಕೊಡಬೇಕು ಎಂದರು. ‘ಬಸ್ಸು ಉಂಟು’ ಎಂದೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕಾರಿನಲ್ಲೇ ಹೊರಟೇ ಹೊರಟೆವು.

ಕೋವಿ ಅಂಗಡಿ ನೇತ್ರಾವತಿಗೆ ಬೆನ್ನು ಹಾಕಿ ಕುಳಿತ ಹಳೆಯ ಕಟ್ಟಡದಲ್ಲಿತ್ತು. ಮಳೆಗಾಲದಲ್ಲಿ ಪೇಟೆಗೆ ನೀರು ನುಗ್ಗುತ್ತದಾದ್ದರಿಂದ ಕೋವಿಗಳೆಲ್ಲ ಅಟ್ಟದಲ್ಲಿ. ಅಂಗಡಿಯ ಸಾಹೇಬರು ಎಪ್ಪತ್ತು ದಾಟಿದವರು, ತಂದೆಯ ಕಾಲದಿಂದ ಇದೇ ಕೆಲಸ. ನಾನು ಬಂದ ಕಾರಣ ಹೇಳಿದಾಗ ಅವರು ನಗಲಿಲ್ಲ.

‘ಟೀಚರೇ, ಲಾಕ್ ಹಿಡಿಯುವುದು ಟ್ರಿಗರನ್ನು. ಪಿನ್ನನ್ನು ಹಿಡಿಯುವುದು ಒಂದು ಸಣ್ಣ ಸ್ಪ್ರಿಂಗು ಮಾತ್ರ. ಕೆಲವು ಮಾದರಿಗಳಲ್ಲಿ ಪಿನ್ನಿಗೂ ಒಂದು ತಡೆ ಇರ್ತದೆ. ಇದರಲ್ಲಿ ಇಲ್ಲ.’

‘ಬೀಳಿಸಿ ತೋರಿಸ್ತೀರಾ ಸಾಹೇಬ್ರೆ?’

ಅವರು ಒಂದು ತೋಟೆ ತೆಗೆದುಕೊಂಡರು. ಗುಂಡು, ಮದ್ದು ಎರಡೂ ಕೂತಿರುವ ಹಿತ್ತಾಳೆಯ ಚಿಕ್ಕ ಕೊಳವೆಗೆ ತೋಟೆ ಎನ್ನುತ್ತಾರೆ. ಸೀಸ ಕಿತ್ತು, ಮದ್ದನ್ನು ಕಾಗದಕ್ಕೆ ಸುರಿದು, ಹಿಂಬದಿಯ ಕ್ಯಾಪು ಮಾತ್ರ ಉಳಿಸಿದರು. ಕುಟ್ಟಿದರೆ ಅದು ಮಕ್ಕಳ ಪಟಾಕಿಯಷ್ಟು ಸದ್ದು ಮಾಡುತ್ತದೆ, ಏನೂ ಹಾರುವುದಿಲ್ಲ. ಅದನ್ನು ಪಿಸ್ತೂಲಿಗೆ ಹಾಕಿ, ಲಾಕ್ ಮೇಲೆ ಮಾಡಿ ಗಂಡನ ಕೈಯಲ್ಲೇ ಪರೀಕ್ಷೆ ಮಾಡಿಸಿದರು. ನೆಲದಲ್ಲಿ ಮರದ ಹಲಗೆ ಇಟ್ಟರು. ಹರಿವಾಣವಿದ್ದ ಎತ್ತರ ಎಷ್ಟೆಂದು ನಾನು ಕೈಯಿಂದ ತೋರಿಸಿದೆ. ಅಲ್ಲಿಂದ ಮೂತಿ ಕೆಳಗೆ ಮಾಡಿ ಬಿಟ್ಟರು.

ಏನೂ ಆಗಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರು, ನಾಲ್ಕು, ಐದು. ಗಂಡನ ಭುಜ ಇಳಿದು ಹಗುರವಾದದ್ದು ಕಂಡಿತು. ‘ಸಾಕಲ್ಲ?’ ಎಂದರು. ಎರಡು ವರ್ಷ ಹಟ ಹಿಡಿದದ್ದು ಸುಳ್ಳಿಗೋ ಎಂದು ಒಂದು ಕ್ಷಣ ಅನ್ನಿಸಿದ್ದೂ ಹೌದು. ‘ಹತ್ತು ಅಂದರೆ ಹತ್ತು’ ಎಂದೆ.

ಆರನೆಯ ಸಲ ‘ಟಪ್’ ಎಂದಿತು.

ಸಾಹೇಬರು ಲಾಕ್ ತೋರಿಸಿದರು, ಅದು ಮೇಲೆಯೇ ಇತ್ತು. ಬೇರೆ ತೋಟೆ ಹಾಕಿ ಉಳಿದ ನಾಲ್ಕನ್ನೂ ಮಾಡಿಸಿದೆ. ಒಂಬತ್ತನೆಯದರಲ್ಲಿ ಮತ್ತೊಮ್ಮೆ ‘ಟಪ್’. ಗೆದ್ದೆ ಎಂದು ಕುಣಿಯಬೇಕಾಗಿತ್ತು. ಬದಲಿಗೆ ಅಲ್ಲಿದ್ದ ಸ್ಟೂಲಿನಲ್ಲಿ ಕುಳಿತು ಲೆಕ್ಕ ಹಾಕಿದೆ. ಹತ್ತರಲ್ಲಿ ಹತ್ತು ಸಲ ಹಾರುವುದಾದರೆ ಎಲ್ಲರೂ ಹೆದರಿ ದೂರ ಇಡುತ್ತಾರೆ. ಹತ್ತರಲ್ಲಿ ಎಂಟು ಸಲ ಸುಮ್ಮನಿರುವ ವಸ್ತುವಿನ ಜೊತೆ ಆರು ವರ್ಷ ಬದುಕಿದ್ದೆವಲ್ಲ!

ಸಾಹೇಬರು ಪಿಸ್ತೂಲನ್ನು ಬಟ್ಟೆಯಲ್ಲಿ ಒರೆಸುತ್ತಾ ಗಂಡನ ಕಡೆ ತಿರುಗಿ ಸಹಜವಾಗಿಯೇ ಹೇಳಿದರು. ‘ಆ ಸಲ ತಂದಾಗಲೇ ನಾನು ಹೇಳಿದ್ದೆ ಅಲ್ವಾ ಧನಿಗಳೇ? ಸ್ಪ್ರಿಂಗ್ ಸೋತಿದೆ, ತೋಟೆ ಏರಿಸಿಟ್ಟುಕೊಂಡು ತಿರುಗಬೇಡಿ ಅಂತ. ಹೊಸ ಸ್ಪ್ರಿಂಗ್ ತರಿಸ್ತೇನೆ ಅಂದದ್ದಕ್ಕೆ ಆಮೇಲೆ ಬರ್ತೇನೆ ಅಂದಿರಿ. ಬರಲೇ ಇಲ್ಲ.’

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಗಂಡ, ‘ಯಾವ ಸಲ?’ ಎಂದು ಕೇಳಿದ ರೀತಿಯಲ್ಲೇ ನನಗೆ ಅರ್ಧ ತಿಳಿಯಿತು. ಉಳಿದರ್ಧ ಮನೆಯ ದಾರಿಯಲ್ಲಿ ಒಂದು ಸೇತುವೆಯ ಹತ್ತಿರ ಕಾರು ನಿಲ್ಲಿಸಿದ ಮೇಲೆ ತಿಳಿಯಿತು. ನಿಲ್ಲಿಸಿ ಎಂದವಳು ನಾನೇ.

ಅತ್ತೆಯ ಕಾಲಿಗೆ ಗುಂಡು ತಾಗುವ ಎಂಟು ತಿಂಗಳ ಮೊದಲು, ಬಂಕಿನ ಆಫೀಸಿನಲ್ಲಿ ಸೊಂಟದಿಂದ ತೆಗೆಯುವಾಗ ಅದು ಕೈಯಿಂದ ಜಾರಿ ಬಿದ್ದು ಹಾರಿತ್ತಂತೆ. ಲಾಕ್ ಹಾಕಿಯೇ ಇತ್ತಂತೆ. ಯಾರೂ ಇರಲಿಲ್ಲ. ಹೊರಗಿದ್ದವರು ಲಾರಿಯ ಟಯರು ಒಡೆದದ್ದೆಂದು ತಿಳಿದರು. ಇವರು ನೆಲದ ತೂತಿನ ಮೇಲೆ ಒಂದು ರಬ್ಬರ್ ಮ್ಯಾಟು ಹಾಸಿ, ಪಿಸ್ತೂಲನ್ನು ಗುಟ್ಟಾಗಿ ಸಾಹೇಬರಿಗೆ ತೋರಿಸಿ ಬಂದಿದ್ದರಂತೆ.

‘ಪೆಟ್ರೋಲ್ ಬಂಕಿನಲ್ಲಿ! ಪೆಟ್ರೋಲ್ ಬಂಕಿನಲ್ಲಿ ಮಾರಾಯ್ರೆ!’ ಎಂದು ನಾನು ಕಿರುಚಿದೆ. ಸೇತುವೆಯ ಮೇಲೆ ಹೋಗುತ್ತಿದ್ದವರು ತಿರುಗಿ ನೋಡಿದರು, ನೋಡಲಿ. ಆ ಮ್ಯಾಟಿನ ಬದಿಯಲ್ಲಿ ಚಪ್ಪಲಿ ಬಿಟ್ಟು ನಾನು ಎಷ್ಟು ಸಲ ಅಲ್ಲಿ ಕುಳಿತು ಚಹಾ ಕುಡಿದಿದ್ದೇನೆ. ಎರಡು ವರ್ಷ ನೆಂಟರಿಷ್ಟರೆಲ್ಲ ನನ್ನ ಬೆರಳನ್ನು ದೂರಿದಾಗ ಪಕ್ಕದಲ್ಲೇ ಕುಳಿತು ಕೇಳಿಸಿಕೊಂಡಿದ್ದರಲ್ಲ, ಅದು ನನಗೆ ಗುಂಡಿಗಿಂತ ಹೆಚ್ಚು ತಾಗಿತು. ಅದನ್ನೂ ಹೇಳಿದೆ. ಅವರು ಸ್ಟೇರಿಂಗ್ ಹಿಡಿದುಕೊಂಡು ಅತ್ತರು. ‘ಹೇಳಿದರೆ ಎಲ್ಲ ನನ್ನ ತಲೆಗೆ ಬರ್ತಿತ್ತು’ ಎಂದರು. ನಾನು ಸಮಾಧಾನ ಮಾಡಲಿಲ್ಲ. ಇವರ ಮೇಲೆ ನನಗೆ ಪ್ರೀತಿ ಇಲ್ಲವೆಂದಲ್ಲ. ಆ ದಿನ ಸಮಾಧಾನ ಮಾಡಿದ್ದರೆ ಮರುದಿನ ಮತ್ತೆ ಲಾಕಿನ ಕಥೆ ಶುರುವಾಗುತ್ತಿತ್ತು.

ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಅವರ ಮುಂದೆ ಬಿಳಿ ಹಾಳೆ ಇಟ್ಟೆ. ‘ವಕೀಲರ ಕಾಗದ ಬೇಡ. ನಿಮ್ಮ ಕೈಬರಹದಲ್ಲಿ ಬರೆಯಿರಿ. ಎರಡು ಸಲ ತಾನಾಗಿ ಹಾರಿದೆ, ಮೊದಲನೆಯದನ್ನು ಮುಚ್ಚಿಟ್ಟಿದ್ದೆ, ಲೈಸೆನ್ಸ್ ಬೇಡ, ಪಿಸ್ತೂಲನ್ನು ಯಾರಿಗೂ ಮಾರದೆ ಒಪ್ಪಿಸ್ತೇನೆ. ಇಷ್ಟೇ.’

‘ಮಾರಿದರೆ ಎಂತ? ಸ್ಪ್ರಿಂಗ್ ಹಾಕಿಸಿ...’

‘ಇನ್ನೊಬ್ಬರ ಮನೆಯಲ್ಲಿ ಅತ್ತೆಯಂದಿರು ಇಲ್ಲವಾ?’

ಅವರು ಬರೆದರು. ಒಂದು ಸಾಲಿಗೆ ಹತ್ತು ನಿಮಿಷ ತೆಗೆದುಕೊಂಡರು. ಜಗಲಿಯ ಕುರ್ಚಿಯಲ್ಲಿ ಕಾಲನ್ನು ಸ್ಟೂಲಿನ ಮೇಲಿಟ್ಟು ಕುಳಿತಿದ್ದ ಅತ್ತೆ, ‘ಎಂತ ಬರೀತಿದ್ದಾನೆ? ಗಟ್ಟಿಯಾಗಿ ಓದಲಿ’ ಎಂದರು. ನಾನೂ ಅಲ್ಲಿಂದ ಕದಲಲಿಲ್ಲ. ಅವರು ಓದಿದರು. ಬಂಕಿನ ಆಫೀಸಿನ ಸಾಲು ಬಂದಾಗ ದನಿ ತೊದಲಿತು, ಆದರೂ ಓದಿ ಮುಗಿಸಿದರು.

ಅತ್ತೆ ಮಗನನ್ನೇ ನೋಡುತ್ತಿದ್ದರು. ‘ಆ ದಿವಸ ಅಲ್ಲಿ ಯಾರೂ ಇರಲಿಲ್ಲವಾ?’ ಎಂದು ಕೇಳಿದರು.

‘ಇಲ್ಲ ಅಮ್ಮ. ದೇವರ ದಯೆ, ಯಾರೂ ಇರಲಿಲ್ಲ.’

‘ಯಾರೂ ಇಲ್ಲದಲ್ಲಿ ಹಾರಿದ್ದನ್ನು ನಾವೆಲ್ಲ ಇರುವಲ್ಲಿಗೆ ತಂದೆಯಾ ಮಗಾ?’

ಅವರು ಕಾಗದ ಹಿಡಿದುಕೊಂಡು ತಾಯಿಯ ಕಾಲ ಬಳಿ ನೆಲದಲ್ಲೇ ಕುಳಿತುಬಿಟ್ಟರು, ಅಲ್ಲಿಯೇ ಸಹಿ ಹಾಕಿದರು. ಸೋಮವಾರ ಶಾಲೆಗೆ ಅರ್ಧ ದಿನ ರಜೆ ಹಾಕಿ ಅದನ್ನು ನಾನೇ ಒಯ್ದು ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಬರೆಸಿಕೊಂಡು ಬಂದೆ.